ವ್ಯಾಪಾರಮೇಳದಲ್ಲಿ ಮುಕ್ತ ತಂತ್ರಾಂಶ: ಕೊಡಗಿನಿಂದ ಒಂದು ಅವಲೋಕನ

ಸಂತೆ, ಜಾತ್ರೆ, ವಸ್ತುಪ್ರದರ್ಶನಗಳ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಮಾರುವವನು, ಕೊಳ್ಳುವವನು, ಸುಂಕ ಎತ್ತುವವನು ಎಂಬ ಮೂವರನ್ನೇ ಲೆಕ್ಕಕ್ಕೆ ಹಿಡಿದಿದ್ದಾರೆ. ಮಾರಲು ಏನೂ ಇಲ್ಲದೆ ಸಂತೆಗೆ ಬಂದವರ ಮಾತು ಅಲ್ಲಿ ಬಾರದು. ಇಪ್ಪತ್ತನೆಯ ಶತಮಾನವು ಮುಗಿಯುವ ಹೊತ್ತಿಗೆ ಬೆಂಗಳೂರಿನಲ್ಲಿ ಅಂತಹ ಗುಂಪೊಂದು ಕಾಣಿಸಿಕೊಂಡಿತು.

1998ರಲ್ಲಿ ‘ಬೆಂಗಳೂರು ಐಟಿ ಡಾಟ್ ಕಾಂ’ ಎಂಬ ವಾರ್ಷಿಕ ಮೇಳವು ಸರ್ಕಾರದ ಆಶ್ರಯದಲ್ಲಿ ಆರಂಭವಾಯಿತು. ದೊಡ್ಡ ಕಂಪನಿಗಳ ಮಳಿಗೆಗಳ ನಡುವೆ ಬೆಂಗಳೂರಿನ ಲಿನಕ್ಸ್ ಬಳಕೆದಾರರ ಬಳಗದವರು ಶತಮಾನದ ತಿರುವಿನ ಆ ವರ್ಷಗಳಲ್ಲಿ ತಮ್ಮ ಬಿಡುವಿನ ವೇಳೆಯನ್ನು ವ್ಯಯಿಸಿ ಲಿನಕ್ಸಿನ ಪರಿಚಯ ಮಾಡಿಕೊಡಲು ನಿಂತರು. ನಮ್ಮ ಕಡೆ ನಾಟಿಯ ಕಾಲದಲ್ಲಿ ಒಬ್ಬರ ಗದ್ದೆಗೆ ಮತ್ತೊಬ್ಬರು ಹೋಗುವ ಮುಯ್ಯಾಳಿನ ಪದ್ಧತಿಯನ್ನು ಬಲ್ಲವರಿಗೆ ಈ ಬಗೆಯ ದುಡಿಮೆ ಅಪರಿಚಿತವೆನಿಸದು. ಆದರೆ ಮುಯ್ಯಿಗೆ ಮರುಮುಯ್ಯಿ ಉಂಟು; ಇಲ್ಲಿ ಅದನ್ನು ಯಾರು ಯಾವಾಗ ತೀರಿಸುವರೆಂಬುದು ಗೊತ್ತಿರಲಿಲ್ಲ.

ಅವರು ಪ್ರಚಾರ ಮಾಡಿದ ವಸ್ತುವಿನ ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಬಹುದು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸಿನ ತಿರುಳನ್ನು ಹೊರತಂದರು. ನಮ್ಮ ದೇಶದಲ್ಲಿ ಅಂತರಜಾಲವು ಸಾರ್ವಜನಿಕರಿಗೆ ತೆರೆದದ್ದೇ 1995ರ ಆಗಸ್ಟ್ 15ರಂದು. ಅಂದಿನ 28.8 ಕಿಲೋಬಿಟ್ ವೇಗದ ಮೋಡೆಮ್ ಎಲ್ಲಿಯೂ ಕಡಿಯದೆ ನಡೆದರೂ ಒಂದು ಸಿ.ಡಿ.ಯಷ್ಟು, ಅಂದರೆ 650 ಮೆಗಾಬೈಟ್, ಸರಕನ್ನು ಇಳಿಸಿಕೊಳ್ಳಲು ಸುಮಾರು ಐವತ್ತು ಗಂಟೆ ಬೇಕಾಗುತ್ತಿತ್ತು. ಈ ಕಾರಣದಿಂದ ಬೆಂಗಳೂರಿನ ಅತುಲ್ ಚಿಟ್ಣಿಸ್ (1962-2013) ಅವರ ಪ್ರಯತ್ನದಿಂದ 1996ರಲ್ಲಿ ‘ಪಿಸಿ ಕ್ವೆಸ್ಟ್’ ಪತ್ರಿಕೆಯೊಡನೆ ಲಿನಕ್ಸಿನ ಸಿ.ಡಿ. ಹಂಚಿಕೆಯಾದದ್ದು ಸಣ್ಣ ಸಂಗತಿಯಲ್ಲ. ಜಾಲವಿಲ್ಲದ ಊರುಗಳಿಗೂ ಅದು ಅಂಚೆಯ ಚೀಲದಲ್ಲಿ ಹೋಗಬಲ್ಲುದಾಗಿತ್ತು.

ಮೇಳದಲ್ಲಿ ಸ್ವಯಂಸೇವಕರ ಮುಂದಿದ್ದ ಕಷ್ಟವು ಯಂತ್ರಕ್ಕಿಂತ ಹೆಚ್ಚಾಗಿ ಮಾತಿನದು. ‘ಬೆಲೆಯಿಲ್ಲದ್ದು’ ಮತ್ತು ‘ಬಂಧನವಿಲ್ಲದ್ದು’ ಎಂಬೆರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದ. ಕನ್ನಡದಲ್ಲಿ ಉಚಿತ, ಮುಕ್ತ ಎಂಬ ಎರಡು ಬೇರೆ ಪದಗಳಿರುವುದು ನಮ್ಮ ಪುಣ್ಯ. ಶೇಷಾದ್ರಿವಾಸು ಅವರ ‘ಬರಹ’ವು 1998ರಿಂದ ಕನ್ನಡಿಗರ ಕೈಗೆ ಉಚಿತವಾಗಿ ಬಂದಿತು, ಅದರಿಂದಾದ ಉಪಕಾರ ದೊಡ್ಡದು. ಆದರೆ ಅದರ ಮೂಲಸಂಕೇತವನ್ನು ತೆರೆದು ತಿದ್ದುವ ಅಧಿಕಾರವು ಬಳಕೆದಾರನಿಗೆ ಇರಲಿಲ್ಲ. ಕೇದಗೆ, ಮಲ್ಲಿಗೆ ಎಂಬ ಅಕ್ಷರಶೈಲಿಗಳಾದರೋ ಗ್ನೂ ಪರವಾನಗಿಯಡಿ ದೊರೆತು, ತಿದ್ದುವವನಿಗೂ ಎಡೆಗೊಟ್ಟವು.

2001ರಲ್ಲಿ ಬಳಗದವರು ‘ಲಿನಕ್ಸ್ ಬೆಂಗಳೂರು’ ಎಂಬ ಸ್ವಂತ ಸಮ್ಮೇಳನವನ್ನು ಏರ್ಪಡಿಸಿದರು. 2005ರಲ್ಲಿ ಅದು ‘ಫಾಸ್ ಡಾಟ್ ಇನ್’ ಎಂದು ಹೆಸರು ಬದಲಿಸಿಕೊಂಡು, 2011ರ ಒಂದು ವರ್ಷವನ್ನು ಬಿಟ್ಟು, 2012ರವರೆಗೆ ನಡೆಯಿತು. ಬರಬರುತ್ತ ಅದರ ಒತ್ತು ಬಳಸಿರೆಂಬ ಪ್ರಚಾರದಿಂದ ನೀವೂ ಬರೆದು ಕೊಡಿರೆಂಬ ಆಹ್ವಾನದ ಕಡೆಗೆ ಸರಿಯಿತು. ಪರರಿಗಾಗಿ ತಂತ್ರಾಂಶ ಬರೆದು ಹೆಸರಾದ ನಗರದಲ್ಲಿ ಈ ಆಹ್ವಾನವನ್ನು ಕೇಳಬೇಕಾಗಿ ಬಂದದ್ದು ವಿಚಿತ್ರವೇ ಸರಿ.

ಕೊಡಗಿಗೆ ಇದರಿಂದೇನು ಎಂದು ಕೇಳುವವರುಂಟು. 2011ರ ಜನಗಣತಿಯಂತೆ ಕೊಡವ ತಕ್ಕನ್ನು ಮಾತೃಭಾಷೆಯೆಂದು ಬರೆಯಿಸಿದವರು 1,13,857 ಮಂದಿ. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಪ್ರಕಟಿಸಿದ ‘ಪಟ್ಟೋಲೆ ಪಳಮೆ’ ಮೊದಲ್ಗೊಂಡು ಆ ಭಾಷೆಯ ಸಾಹಿತ್ಯವು ಬಹುಮಟ್ಟಿಗೆ ಕನ್ನಡ ಲಿಪಿಯಲ್ಲಿಯೇ ಇದೆ. ಆದರೆ ವಿದ್ವಾಂಸ ಎಮನೋ ಅವರು 1970ರಲ್ಲಿ ವಿವರಿಸಿದ ಕೊಡವ ಸ್ವರಗಳಲ್ಲಿ ನಾಲಗೆಯ ನಡುಭಾಗದಲ್ಲಿ ಹುಟ್ಟುವ ಕೆಲವಕ್ಕೆ ನಮ್ಮ ವರ್ಣಮಾಲೆಯಲ್ಲಿ ಬೇರೆ ಅಕ್ಷರಗಳಿಲ್ಲ. ಒಂದು ಲಕ್ಷ ಜನರಿಗಾಗಿ ಹೊಸ ಚಿಹ್ನೆಯನ್ನು ಕೂಡಿಸಲು ಲಾಭವನ್ನೆಣಿಸುವ ಕಂಪನಿ ಮುಂದೆ ಬಾರದಿದ್ದರೆ ಆಶ್ಚರ್ಯವಿಲ್ಲ. ಮುಕ್ತ ಪರವಾನಗಿಯುಳ್ಳ ಅಕ್ಷರಶೈಲಿಯನ್ನು ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಕುಳಿತ ಶಾಲಾ ಉಪಾಧ್ಯಾಯರೊಬ್ಬರು ಯಾರ ಅಪ್ಪಣೆಯನ್ನೂ ಕೇಳದೆ ತೆರೆದು, ಬೇಕಾದ ಚಿಹ್ನೆಯನ್ನು ಬರೆದು, ನೆರೆಯವರಿಗೆ ಹಂಚಬಹುದು.