ಮದರಾಸಿನ ಅನಾಮಿಕ ಸಾಹಸಕಥೆಗಳು

ಕನ್ನಡ ಗದ್ಯಕ್ಕೆ ಕುತೂಹಲದ ಕಥನವು ಹೊಸತೇನೂ ಅಲ್ಲ. 1823ರಲ್ಲಿ ಕೆಂಪುನಾರಾಯಣನು ರಚಿಸಿದ 'ಮುದ್ರಾಮಂಜೂಷ'ದಲ್ಲಿಯೇ ಒಳಸಂಚು ಗೂಢಚಾರಿಕೆಗಳ ಹೆಣಿಗೆಯನ್ನು ಕಾಣಬಹುದು. ಆದರೆ ಹರೆಯದ ಓದುಗರಿಗೆ ತಿಂಗಳು ತಿಂಗಳೂ ಒದಗಿಬಂದ ಸಾಹಸಕಥೆಗಳ ಒಂದು ಮುಖ್ಯ ಉಗಮವನ್ನು ಅರಸುವವರು ಮೈಸೂರಿಗಾಗಲಿ ಧಾರವಾಡಕ್ಕಾಗಲಿ ಹೋಗದೆ, ಇಂದು ಚೆನ್ನೈ ಎನಿಸಿರುವ ಮದರಾಸಿನ ವಡಪಳನಿಗೆ ಬರಬೇಕಾಗುತ್ತದೆ.

ಬಿ. ನಾಗಿರೆಡ್ಡಿ, ಚಕ್ರಪಾಣಿ ಇವರು 1947ರಲ್ಲಿ ಆರಂಭಿಸಿದ 'ಚಂದಮಾಮ' ಮಾಸಪತ್ರಿಕೆಯು ಆ ದಶಕ ಮುಗಿಯುವ ಮೊದಲೇ ಕನ್ನಡಕ್ಕೂ ಬಂದಿತು. 1952ರಲ್ಲಿ ಅದರ ಸಂಪಾದಕ ವರ್ಗವನ್ನು ಸೇರಿದ ದಾಸರಿ ಸುಬ್ರಹ್ಮಣ್ಯಂ ಅವರು 1954ರಿಂದ ಮೊದಲ್ಗೊಂಡು ಎರಡು ದಶಕಗಳಿಗೂ ಮಿಕ್ಕಿ 'ತೋಕಚುಕ್ಕ', 'ಶಿಥಿಲಾಲಯಂ', 'ಯಕ್ಷಪರ್ವತಂ' ಮೊದಲಾದ ಧಾರಾವಾಹಿಗಳನ್ನು ತೆಲುಗಿನಲ್ಲಿ ರಚಿಸಿದರು. ಇವು ಅನುವಾದಗೊಂಡು ಇತರ ಭಾಷೆಗಳ ಆವೃತ್ತಿಗಳಲ್ಲಿ ಪ್ರಕಟವಾದವು. ಮಾತು ಬೇರೆಯಾದರೂ ಚಿತ್ರಗಳು ಒಂದೇ. ಅವನ್ನು ಬರೆದವರು 'ಚಿತ್ರಾ' ಎಂಬ ಅಂಕಿತದ ಟಿ. ವಿ. ರಾಘವನ್.

ಈ ಕಥೆಗಳ ಆಕರ್ಷಣೆಗೆ ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ಪ್ರತಿ ಕಂತೂ ಆಪತ್ತಿನ ಅಂಚಿನಲ್ಲಿ ನಿಲ್ಲುತ್ತಿದ್ದುದರಿಂದ ಓದುಗನು ಒಂದು ತಿಂಗಳು ತಾನೇ ಕಥೆಯನ್ನು ಕಟ್ಟಿಕೊಳ್ಳಬೇಕಾಗುತ್ತಿತ್ತು. ಹಾಸ್ಯಕ್ಕೂ ಭಯಾನಕಕ್ಕೂ ವಿರೋಧವೆಂಬುದು ಸಾಹಿತ್ಯದರ್ಪಣಕಾರನ ಮತ. ಇಲ್ಲಿಯಾದರೋ ಘೋರ ಮಾಂತ್ರಿಕನ ಬೆನ್ನಲ್ಲೇ ನಗೆಯೂ ಬರುತ್ತದೆ, ಹರೆಯದವರಿಗೆ ಆ ಬೆರಕೆಯೇ ರುಚಿ. ಇದಲ್ಲದೆ, ಖಡ್ಗವರ್ಮ ಜೀವದತ್ತರಂತಹ ಜೋಡಿ ನಾಯಕರು ಹಿರಿಯರ ಅಂಕೆಯಿಲ್ಲದೆ, ಗೆಳೆತನವೊಂದನ್ನೇ ನಂಬಿ ಕಾಡುಮೇಡುಗಳನ್ನು ಸುತ್ತುತ್ತಾರೆ.

ಹೊರನಾಡ ಕನ್ನಡಿಗರ ಮಟ್ಟಿಗೆ ಈ ವಿಷಯಕ್ಕೆ ಇನ್ನೊಂದು ಮುಖವುಂಟು. ಶಾಲೆಯಲ್ಲಿ ಕನ್ನಡವಿಲ್ಲದ ಮಗುವಿಗೆ ಲಿಪಿಯನ್ನು ಕಲಿಸುವುದು ಹಿರಿಯರಿಗೆ ಸಾಧ್ಯ. ಕಲಿತ ಲಿಪಿಯನ್ನು ಮರೆಯದಂತೆ ಓದಿಸುವುದು ಉಪದೇಶದಿಂದ ಆಗದು. 'ಮುಂದೇನಾಯಿತು?' ಎಂಬ ತವಕವೇ ಆ ಕೆಲಸವನ್ನು ಮಾಡಬಲ್ಲುದು. ಹಾಗಿದ್ದೂ ಬಾಲಕರ ಓದೆಂದು, ಅನುವಾದವೆಂದು ಇದನ್ನು ಕಡೆಗಣಿಸುವ ಪ್ರವೃತ್ತಿ ವಿದ್ವತ್‌ವಲಯದಲ್ಲಿ ಸುಲಭವಾಗಿ ಬೆಳೆಯುತ್ತದೆ.

ಆ ಧಾರಾವಾಹಿಗಳಲ್ಲಿ ಕರ್ತೃವಿನ ಹೆಸರು ಅಚ್ಚಾಗುತ್ತಿರಲಿಲ್ಲ. ಸುಬ್ರಹ್ಮಣ್ಯಂ ಅವರು 2010ರಲ್ಲಿ ತೀರಿಕೊಂಡರು. 2013ರ ವೇಳೆಗೆ ಪತ್ರಿಕೆಯೂ ನಿಂತಿತು. ಮೂಲ ಲೇಖಕನ ಹೆಸರಾದರೂ ಇಂದು ತಿಳಿದಿದೆ. ಆ ಕಥೆಗಳಿಗೆ ಸರಳವಾದ ಕನ್ನಡವನ್ನು ಒದಗಿಸಿದವರ ಹೆಸರುಗಳನ್ನು ಹಳೆಯ ಸಂಚಿಕೆಗಳೂ ನೆನಪುಗಳೂ ನಶಿಸುವ ಮುನ್ನ ದಾಖಲಿಸುವುದು ಈ ನಗರದ ಕನ್ನಡಿಗರಿಗೇ ಸೇರಿದ ಕರ್ತವ್ಯ.