ಹಕ್ಕಿ-ಗಿಡ ಗುರುತಿಸೋದು ಕಲಿಸೋಕೆ ದುಡ್ಡು ಯಾಕೆ ಬೇಕು? ಅದು ಎಲ್ಲಿದೆ?

ನಾನು ಮೊದಲ ಸಲ ಬೈನಾಕ್ಯುಲರ್ ಹಿಡಿದದ್ದು ಪದವಿಯ ಮೊದಲ ವರ್ಷದಲ್ಲಿ, ನಮ್ಮೂರ ಕೆರೆ ಏರಿಯ ಮೇಲೆ. ಅದು ನಿವೃತ್ತ ಮೇಷ್ಟ್ರೊಬ್ಬರದು. ‘ಬಣ್ಣ ಆಮೇಲೆ ನೋಡು. ಬಾಲ ಕುಣಿಸ್ತಾ ಓಡಾಡ್ತಿದೆಯಲ್ಲ, ಅದು ಸಿಪಿಲೆ’ ಅಂದ್ರು. ಎಷ್ಟೋ ಭಾನುವಾರ ಅವರು ಒಂದು ರೂಪಾಯಿ ತಗೊಳ್ಳದೆ ಕಲಿಸಿದರು. ಅವರಿಗೆ ಮಂಡಿನೋವು ಬಂದ ಮೇಲೆ ಆ ನಡಿಗೆ ನಿಂತೇಹೋಯಿತು. ಮುಂದುವರಿಸಬಲ್ಲವರು ಗುಂಪಿನಲ್ಲಿ ಇಬ್ಬರಿದ್ದೆವು. ಇಬ್ಬರಿಗೂ ಭಾನುವಾರ ದುಡಿಮೆ ಇತ್ತು.

ನಿಸರ್ಗ ಅಧ್ಯಯನದ ಗುಂಪುಗಳ ಹಣದ ಪ್ರಶ್ನೆ ಇರುವುದು ಇಲ್ಲೇ. ಕಲಿಸುವವರ ಸಮಯಕ್ಕೆ ಬೆಲೆ ಕಟ್ಟದಿದ್ದರೆ, ಈ ವಿದ್ಯೆ ಕಾರು, ಕ್ಯಾಮೆರಾ, ಬಿಡುವು ಇರುವವರ ಬಳಿಯೇ ಉಳಿಯುತ್ತದೆ.

ಇದು ಬರೀ ಹವ್ಯಾಸವಲ್ಲ

2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯಂತೆ ಅನೇಕ ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ಆಗಬೇಕು. ಅದಕ್ಕೆ ಕನಿಷ್ಠ 30 ದಿನ ಮೊದಲು ನೋಟಿಸ್. ಯೋಜನೆಯ ವರದಿ ‘ಇಲ್ಲಿ ಅಪರೂಪದ ಜೀವಿಗಳಿಲ್ಲ’ ಅಂದರೆ, ‘ಇವೆ’ ಅಂತ ಹೇಳೋಕೆ ಹೆಸರು, ತಾರೀಕು, ಫೋಟೊ ಬೇಕು. ಕಪ್ಪೆ, ಹುಲ್ಲು, ಚಿಟ್ಟೆ ಗುರುತಿಸೋದನ್ನು 30 ದಿನದಲ್ಲಿ ಕಲಿಯೋಕಾಗಲ್ಲ. ಅದು ಮೊದಲೇ ಊರಿನಲ್ಲಿರಬೇಕು.

ಕಾನೂನಿನಲ್ಲೇ ಇರುವ ನಿಧಿ

2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ (ಬಿಎಂಸಿ) ಇರಬೇಕು. ಜನರೊಂದಿಗೆ ಸಮಾಲೋಚಿಸಿ ಜನತಾ ಜೀವವೈವಿಧ್ಯ ದಾಖಲಾತಿ ಬರೆಯುವುದು ಅದರ ಕೆಲಸ. ಕಾಯ್ದೆಯ 43ನೇ ಸೆಕ್ಷನ್ ‘ಸ್ಥಳೀಯ ಜೀವವೈವಿಧ್ಯ ನಿಧಿ’ಯ ಬಗ್ಗೆ ಹೇಳುತ್ತದೆ. ಸರ್ಕಾರದ ಅನುದಾನ, ಬಿಎಂಸಿ ವಸೂಲಿ ಮಾಡುವ ಶುಲ್ಕ ಇದಕ್ಕೆ ಸೇರಬಹುದು.

2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, 2020ರ ಜನವರಿ 31ರೊಳಗೆ ದಾಖಲಾತಿ ಮುಗಿಸಿ, ಇಲ್ಲದಿದ್ದರೆ ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಿ ಅಂತ ರಾಜ್ಯಗಳಿಗೆ ಹೇಳಿತು. ಆದ್ರೆ ಗಡುವಿಗೆ ಬರೆದ ಪುಸ್ತಕ ಒಂದು ಸಲಕ್ಕೆ ಮುಗಿಯುತ್ತದೆ. ಬರೆಯಲು ಕಲಿತ ಹುಡುಗಿ ಮೂವತ್ತು ವರ್ಷ ಬರೆಯುತ್ತಾಳೆ.

ಸಿಎಸ್‌ಆರ್ ಮತ್ತು ಬೇರೆ ದಾರಿ

2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು. ಸಸ್ಯ-ಪ್ರಾಣಿ ರಕ್ಷಣೆಯೂ ಆ ಪಟ್ಟಿಯಲ್ಲಿದೆ. ಆದ್ರೆ ಹಣ ಪಡೆಯುವ ಸಂಸ್ಥೆ ನೋಂದಣಿಯಾಗಿರಬೇಕು, ತೆರಿಗೆ ಇಲಾಖೆಯ ಪತ್ರಗಳಿರಬೇಕು. ಕೆರೆ ಏರಿಯ ಗುಂಪಿಗೆ ಇರೋದು ವಾಟ್ಸ್‌ಆಪ್ ಮಾತ್ರ. ನಾವು ಒಂದು ಕಂಪನಿ ಹತ್ತಿರ ಹೋದಾಗ ಸಸಿ ನೆಡೋಕೆ, ಬ್ಯಾನರ್‌ಗೆ ದುಡ್ಡಿತ್ತು. ಕಲಿಸುವವರ ಬಸ್ ಚಾರ್ಜಿಗೆ ಇರಲಿಲ್ಲ.

ಕೇಂದ್ರ ಪರಿಸರ ಸಚಿವಾಲಯ 2017ರಲ್ಲಿ ಶುರುಮಾಡಿದ ಹಸಿರು ಕೌಶಲ ಕಾರ್ಯಕ್ರಮದಲ್ಲಿ ಜೀವಿ ಗುರುತಿಸುವ ಕೋರ್ಸ್‌ಗಳಿದ್ದವು. ಇಂಗ್ಲೆಂಡಿನಲ್ಲಿ ಲಾಟರಿ ಹಣದಿಂದ 2007ರಲ್ಲಿ ಆರಂಭವಾದ ‘ಓಪಲ್’ ಯೋಜನೆ ನಿಸರ್ಗ ಸಂಘಗಳಿಗೇ ಸಣ್ಣ ಅನುದಾನ ಕೊಟ್ಟಿತು. ಅಂದರೆ ಇದು ಆಗದ ಮಾತಲ್ಲ.

ನಾವು ಏನು ಕೇಳಬೇಕು?

ಗ್ರಾಮಸಭೆ ಅಥವಾ ವಾರ್ಡ್ ಸಭೆಯಲ್ಲಿ ಮೂರು ಪ್ರಶ್ನೆ ಸಾಕು. ನಮ್ಮ ಬಿಎಂಸಿಯಲ್ಲಿ ಯಾರಿದ್ದಾರೆ? ನಿಧಿಯಲ್ಲಿ ಎಷ್ಟಿದೆ? ಹೊಸಬರಿಗೆ ಕಲಿಸೋಕೆ ಅದರಲ್ಲಿ ಎಷ್ಟು? ಉತ್ತರ ಬರದಿದ್ದರೆ 10 ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ. ನಿಧಿಯ ಲೆಕ್ಕಪತ್ರ, ಆಡಿಟ್ ಇಡಬೇಕು ಅಂತ ಕಾಯ್ದೆಯೇ ಹೇಳುತ್ತದೆ.

ಬೇಡಿಕೆ ದೊಡ್ಡದೇನಲ್ಲ: ಕಲಿಸುವವರಿಗೆ ಗೌರವಧನ, ಕಲಿಯುವವರಿಗೆ ಬಸ್ ಚಾರ್ಜು, ಐದಾರು ಬೈನಾಕ್ಯುಲರ್, ಕನ್ನಡದ ಕೈಪಿಡಿ. ನಮ್ಮ ಪಂಚಾಯಿತಿಯ ಮುಂದಿನ ಸಭೆಗೆ ಈ ಪಟ್ಟಿ ಹಿಡಿದು ನಾನು ಹೋಗ್ತಿದ್ದೀನಿ. ನಿಮ್ಮೂರಲ್ಲೂ ಕೇಳಿ.