ಗಂಗಾಮೂಲದ ಪಂಡಿತಾ ರಮಾಬಾಯಿ

ತ್ಯಾವಣಿಗೆಯ ಗದ್ದೆಗಳಿಗೆ ನಾಲೆಯಲ್ಲಿ ಹರಿದುಬರುವ ಭದ್ರೆಯ ಉಗಮಸ್ಥಾನ ಪಶ್ಚಿಮಘಟ್ಟದ ಗಂಗಾಮೂಲ. ಅದೇ ಕಾಡಿನಲ್ಲಿ 1858ನೆಯ ಇಸವಿ ಏಪ್ರಿಲ್ 23ರಂದು ಪಂಡಿತಾ ರಮಾಬಾಯಿಯವರು ಜನಿಸಿದರು. ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಈ ಸಂಚಿಕೆಯಲ್ಲಿ ಅವರನ್ನು ಸ್ಮರಿಸಲು ಬಯಸುತ್ತೇವೆ. ಆಕೆ ಕಥೋಲಿಕ ಧರ್ಮಸಭೆಗೆ ಸೇರಿದವರಲ್ಲ. ಅದರಿಂದ ನಮ್ಮ ಗೌರವಕ್ಕೇನೂ ಕುಂದಿಲ್ಲ.

ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿ, ಸ್ವಜನರ ವಿರೋಧವನ್ನು ಎದುರಿಸಿ ಅರಣ್ಯವಾಸಿಯಾದವರು. ಮಗಳಿಗೆ ಪಾಠ ಹೇಳಿದವರು ಆ ತಾಯಿಯೇ. ಮನೆಗೆಲಸಗಳು ಆರಂಭವಾಗುವ ಮೊದಲು, ಬೆಳಗಿನ ಜಾವದಲ್ಲಿ, ನಿದ್ದೆಗಣ್ಣಿನ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಕಲಿಸುತ್ತಿದ್ದರಂತೆ. ಮುಂದೆ ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರಾದ ಮೇಲೊಬ್ಬರು ತೀರಿಕೊಂಡರು. ಅಣ್ಣನೊಡನೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲಕತ್ತೆ ಸೇರಿದ ಆಕೆಗೆ ಅಲ್ಲಿನ ವಿದ್ವಾಂಸರು 'ಪಂಡಿತಾ', 'ಸರಸ್ವತಿ' ಎಂಬ ಬಿರುದುಗಳನ್ನಿತ್ತರು.

1882ರಲ್ಲಿ ವಿಧವೆಯಾಗಿ ಪುಣೆಗೆ ಬಂದ ರಮಾಬಾಯಿಯವರು ಹಂಟರ್ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಹೆಣ್ಣುಮಕ್ಕಳ ಶಾಲೆಗಳಿಗೆ ಉಪಾಧ್ಯಾಯಿನಿಯರು ಬೇಕು, ಸ್ತ್ರೀಯರ ಚಿಕಿತ್ಸೆಗೆ ವೈದ್ಯೆಯರು ಬೇಕು ಎಂದು ವಾದಿಸಿದರು. ಮರುವರ್ಷ ಇಂಗ್ಲೆಂಡಿನ ವಾಂಟೇಜಿನಲ್ಲಿ ಆಂಗ್ಲಿಕನ್ ಸಭೆಯ ಜ್ಞಾನಸ್ನಾನ ಪಡೆದರು.

1889ರಲ್ಲಿ ಮುಂಬಯಿಯಲ್ಲಿ ತೆರೆದ 'ಶಾರದಾ ಸದನ'ವು ಬಾಲವಿಧವೆಯರ ವಸತಿಶಾಲೆ. ಮರುವರ್ಷ ಪುಣೆಗೆ ಸ್ಥಳಾಂತರವಾಯಿತು. ಅಲ್ಲಿ ಮತಬೋಧನೆ ಇಲ್ಲವೆಂದು ಮಾತು ಕೊಡಲಾಗಿತ್ತು. ಆದರೆ ರಮಾಬಾಯಿಯವರು ಪ್ರಾರ್ಥಿಸುವಾಗ ಕೆಲವು ಹುಡುಗಿಯರು ತಾವಾಗಿ ಬಂದು ಕೂರತೊಡಗಿದರು. ಅಪವಾದ ಹಬ್ಬಿತು. 1893ರಲ್ಲಿ ರಾನಡೆ, ಭಂಡಾರ್ಕರರಂತಹ ಹಿತೈಷಿಗಳು ಸಲಹಾ ಮಂಡಲಿಯನ್ನು ಬಿಟ್ಟರು. ಹಲವು ಪೋಷಕರು ಮಕ್ಕಳನ್ನು ಕರೆದೊಯ್ದರು. ತಪ್ಪು ಒಂದೇ ಪಕ್ಷದ್ದೆಂದು ನಾವು ಹೇಳಲಾರೆವು. ನಂಬಿ ಕಳುಹಿಸಿದವರ ಭಯವೂ ನಿಜ. ತನ್ನ ವಿಶ್ವಾಸವನ್ನು ಬಾಗಿಲ ಹಿಂದೆ ಬಚ್ಚಿಡಲಾರದ ಆಕೆಯ ಮನಸ್ಸೂ ನಿಜ. ಬಾಲೆಯರ ಓದು ಅರ್ಧಕ್ಕೆ ನಿಂತಿತಲ್ಲ, ಅದೇ ನಮಗೆ ನೋವು.

ಆದರೂ ಬಿತ್ತಿದ್ದು ವ್ಯರ್ಥವಾಗಲಿಲ್ಲ. ಸದನದ ಮೊದಲ ವಿದ್ಯಾರ್ಥಿನಿಯರಲ್ಲೊಬ್ಬರಾದ ವಿಧವೆ ಗೋದೂಬಾಯಿ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ವಿವಾಹವಾದರು. ಅದೇ ಕರ್ವೆಯವರು 1896ರಲ್ಲಿ ವಿಧವಾಶ್ರಮವನ್ನೂ 1916ರಲ್ಲಿ ಮಹಿಳಾ ವಿಶ್ವವಿದ್ಯಾನಿಲಯವನ್ನೂ ಸ್ಥಾಪಿಸಿದರು. ಕ್ರೈಸ್ತಳೆಂದು ಸಮಾಜ ದೂರವಿಟ್ಟವಳ ಶಾಲೆಯಲ್ಲಿ ಓದಿದ ಹೆಣ್ಣುಮಗಳು ಹಿಂದೂ ಸಮಾಜದ ಅಷ್ಟು ದೊಡ್ಡ ಕಾರ್ಯಕ್ಕೆ ಜೊತೆಯಾದಳೆಂಬುದನ್ನು ಎರಡೂ ಕಡೆಯವರು ಮರೆತಂತಿದೆ.

ಕ್ಷಾಮಪೀಡಿತ ಹೆಣ್ಣುಮಕ್ಕಳಿಗಾಗಿ ಕೇಡಗಾಂವದಲ್ಲಿ ಬೆಳೆದ 'ಮುಕ್ತಿ' ಸದನದಲ್ಲಿ ಓದಿನೊಡನೆ ನೇಯ್ಗೆ, ಬೇಸಾಯ, ಮುದ್ರಣ ಕಲಿಸಲಾಯಿತು. ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು ರಮಾಬಾಯಿಯವರು ಮರಾಠಿಗೆ ತಂದ ಪವಿತ್ರ ಬೈಬಲ್ ಅಚ್ಚಾದದ್ದು ಅಲ್ಲಿಯೇ. ಅವರು 1922ರ ಏಪ್ರಿಲ್ 5ರಂದು ದೈವಾಧೀನರಾದರು; ಗ್ರಂಥ ಹೊರಬಂದದ್ದು 1924ರಲ್ಲಿ. ಅದರ ಅಚ್ಚುಮೊಳೆಗಳನ್ನು ಜೋಡಿಸಿದವರು ಮುಕ್ತಿಯ ಹೆಣ್ಣುಮಕ್ಕಳೇ.